ಹಂಚು ಯಾರ ಬೆನ್ನಿಗೈತೆ?

ರಾತ್ರಿ ಹತ್ತೂವರೆ ದಾಟಿದ ಮೇಲೆ ನಾವು ನಾಲ್ವರು ಆಟಕ್ಕೆ ಕೂರುತ್ತೇವೆ. ಆಟ ಬಿಜಿಎಂಐ. 2020ರ ಲಾಕ್‌ಡೌನಿನಲ್ಲಿ ಅದರ ಹೆಸರು ಪಬ್‌ಜಿ ಆಗಿತ್ತು. ಗುರುತು ಪರಿಚಯ ಇಲ್ಲದ ನಾಲ್ವರನ್ನು ಒಂದು ತಂಡಕ್ಕೆ ಹಾಕಿತು. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಹೊಸ ಹೆಸರು ಹೊತ್ತು ಬಂತು, ಮರುವರ್ಷ ಮತ್ತೆ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಆಟ ಇಲ್ಲದ ದಿನಗಳಲ್ಲೂ ಮಾತು ನಿಲ್ಲಲಿಲ್ಲ. ನಾವು ಒಬ್ಬರನ್ನೊಬ್ಬರು ಕರೆಯುವುದು ಊರಿನ ಹೆಸರಿನಲ್ಲಿ. ದಾವಣಗೆರೆ ನಾನು. ಹರಿಹರ ನನ್ನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಕಾಸರಗೋಡಿನವನನ್ನು ಇನ್ನೂ ಕಣ್ಣಾರೆ ನೋಡಿಲ್ಲ. ಮೈಸೂರಿನವರು ನಮಗಿಂತ ದೊಡ್ಡವರು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಾರೆ, ಅವರನ್ನು ಅಕ್ಕ ಅನ್ನುತ್ತೇವೆ. ಮೊನ್ನೆ ಒಂದು ರಾತ್ರಿ ಆಡಿದ ಮಾತು ಇದು, ನನಗೆ ನೆನಪಿದ್ದಷ್ಟು.

ಹರಿಹರ: ಊಟ ಆತೇನಲೇ?

ದಾವಣಗೆರೆ: ಆತು. ನಿಂದು?

ಹರಿಹರ: ಈಗ ಕೈ ತೊಳಕೊಂಡೆ. ರೊಟ್ಟಿ, ಮುಳಗಾಯಿ ಪಲ್ಯ, ಕಡೀಗೆ ಒಂದಿಷ್ಟು ಅನ್ನ ಮೊಸರು. ಅಕ್ಕಾರ, ನಿಮ್ಮದು?

ಮೈಸೂರು: ಮುದ್ದೆ, ಬಸ್ಸಾರು. ಮಗನ್ನ ಮಲಗಿಸಿ ಬಂದೆ. ಕಾಸರಗೋಡು, ಮೈಕ್ ಆನ್ ಇದ್ಯೇನೋ?

ಕಾಸರಗೋಡು: ಉಂಟು, ಉಂಟು. ನಾನು ಉಣ್ತಾ ಇದ್ದೇನೆ. ಗಂಜಿ. ಇವತ್ತು ಪದಾರ್ಥ ಎಂತದೂ ಇಲ್ಲ, ಮಾವಿನ ಮಿಡಿ ಉಪ್ಪಿನಕಾಯಿ ಮಾತ್ರ.

ಹರಿಹರ: ಪದಾರ್ಥ ಇಲ್ಲಂದ್ರ ಏನೋ ಮಾರಾಯ? ಪದಾರ್ಥ ಅಂದ್ರ ಸಾಲ್ಯಾಗ ಕಲಿಸಿದ್ರಲ್ಲ, ಘನ, ದ್ರವ, ಅನಿಲ.

ಕಾಸರಗೋಡು: ಅನ್ನಕ್ಕೆ ಕೂಡಿಕೊಳ್ಳುವುದು ಪದಾರ್ಥ. ಸಾಂಬಾರಾದರೂ ಪದಾರ್ಥ, ಬಸಳೆಯಾದರೂ ಪದಾರ್ಥ, ಮೀನಾದರೂ ಪದಾರ್ಥ. ನೆಂಟರು ಬಂದರೆ ಮೊದಲು ಕೇಳುವುದೇ 'ಪದಾರ್ಥ ಎಂತ ಮಾಡಿದ್ದೀರಿ' ಅಂತ.

ಹರಿಹರ: ಅದಕ್ಕ ನಾವು ಪಲ್ಯ ಅಂತೀವಿ. ಬೇಯಿಸಿದ್ರೂ ಪಲ್ಯ, ಸಂತ್ಯಾಗ ಹಸೀದು ಸಿವುಡು ಕಟ್ಟಿ ಇಟ್ಟಿದ್ರೂ ಪಲ್ಯ. ಮೆಂತೆಪಲ್ಯ, ಪುಂಡಿಪಲ್ಯ.

ಮೈಸೂರು: ಹಸೀದು ಸೊಪ್ಪು ಕಣೋ. ಒಗ್ಗರಣೆ ಬಿದ್ದ ಮೇಲೆ ಪಲ್ಯ.

ಹರಿಹರ: ಅಕ್ಕಾರ, ನಮ್ಮ ಪಲ್ಯ ಹುಟ್ಟಿದಾಗಿಂದನ ಪಲ್ಯ.

ದಾವಣಗೆರೆ: ಸಾಕು, ವಿಮಾನ ಹೊಂಟೈತೆ. ಎಲ್ಲಿ ಇಳಿಯೋದು? ಪೊಚಿಂಕಿ?

ಮೈಸೂರು: ಪೊಚಿಂಕಿ ಬೇಡ, ಇಳಿಯೋಕ್ ಮುಂಚೆನೇ ಜಾತ್ರೆ ಸೇರಿರುತ್ತೆ. ಪಕ್ಕದ ಮನೆಗಳಿಗೆ ಇಳಿಯೋಣ.

ದಾವಣಗೆರೆ: ಇಳಿದೆ. ಈ ಮನೇಲಿ ಏನೂ ಇಲ್ಲ. ಇರು, ಇರು. ಹಂಚು ಸಿಕ್ತು! ಯಾರಿಗೆ ಬೇಕು?

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಂದು ತಂಡ ಉಳಿಯುವ ಆಟ ಇದು. ಅಲ್ಲಿ ಸಿಗುವ ಸಾಮಾನಿನಲ್ಲಿ ಒಂದು ಕರಿ ಕಬ್ಬಿಣದ ಪ್ಯಾನ್ ಇದೆ. ಬೆನ್ನಿಗೆ ಸಿಗಿಸಿಕೊಂಡರೆ ಹಿಂದಿನಿಂದ ಬಂದ ಗುಂಡು ಅದಕ್ಕೆ ಬಡಿದು ಠಣ್ ಅಂತ ಸದ್ದಾಗುತ್ತದೆ, ಆಡುವವನು ಬದುಕುತ್ತಾನೆ. ನಮ್ಮ ತಂಡದಲ್ಲಿ ಅದರ ಹೆಸರಿನ ತಕರಾರು ನಾಲ್ಕು ವರ್ಷದ್ದು.

ಮೈಸೂರು: ಅದು ಬಾಣಲೆ. ಹಿಡಿ ಇದೆ, ಅಂಚಿದೆ. ದೋಸೆ ಹುಯ್ಯೋದಾದ್ರೆ ಕಾವಲಿ.

ಕಾಸರಗೋಡು: ನಮ್ಮಲ್ಲೂ ಕಾವಲಿ. ಹಂಚು ಅಂದರೆ ಮನೆಯ ಮಾಡಿಗೆ ಹಾಕುವುದು. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ್ದಾರಲ್ಲ, ಆ ಹಂಚು. ನಮ್ಮ ಮನೆಯ ಮೇಲೆ ಇನ್ನೂ ಅದೇ ಉಂಟು. ನೀನು ದೋಸೆ ಹಂಚು ಅಂತ ಮೊದಲ ಸಲ ಹೇಳಿದಾಗ ನಾನು ಮೇಲೆ ಮಾಡು ನೋಡಿದೆ.

ದಾವಣಗೆರೆ: ಎರಡೂ ಸುಟ್ಟ ಮಣ್ಣೇ ಅಲ್ವೇನೋ. ನಮ್ಮಜ್ಜಿ ರೊಟ್ಟಿ ಬಡಿದು ಹಾಕ್ತಿದ್ದಿದ್ದು ಮಣ್ಣಿನ ಹಂಚಿಗೆ. ಕುಂಬಾರರ ಹತ್ರ ತರ್ತಿದ್ವಿ. ಕಬ್ಬಿಣದ್ದು ಮನೆಗೆ ಬಂತು, ಹೆಸರು ಮಾತ್ರ ಮಣ್ಣಿನದೇ ಉಳೀತು.

ಮೈಸೂರು: ಇದು ಚೆನ್ನಾಗಿದೆ. ನಾಳೆ ಕ್ಲಾಸಿನಲ್ಲಿ ಹೇಳ್ತೀನಿ.

ಹರಿಹರ: ಮೊದ್ಲು ಆ ಹಂಚು ಇಲ್ಲಿ ಒಗಿ. ನನ್ನ ಬೆನ್ನು ಖಾಲಿ ಐತಿ.

ಕಾಸರಗೋಡು: ಮೆಲ್ಲ, ಮೆಲ್ಲ! ಕರಕರ ಅಂತ ಶಬ್ದ ಕೇಳ್ತಾ ಉಂಟು. ಯಾರೋ ಹುಲ್ಲಿನಲ್ಲಿ ನಡೆಯುತ್ತಿದ್ದಾರೆ.

ದಾವಣಗೆರೆ: ಯಾರೂ ಇಲ್ಲ ಮಾರಾಯ. ನಾನು ಮಂಡಕ್ಕಿ ತಿಂತಿದೀನಿ.

ಮೈಸೂರು: ಪುರಿನಾ?

ದಾವಣಗೆರೆ: ಅಕ್ಕ, ಪೂರಿ ಎಣ್ಣೇಲಿ ಕರಿಯೋದು.

ಮೈಸೂರು: ಪೂರಿ ಬೇರೆ, ಪುರಿ ಬೇರೆ. ಕಡ್ಲೆಪುರಿ ಕಣೋ. ಅದಕ್ಕೂ ಒಂದು ಕತೆ ಇದೆ, ಕೇಳಿ. ನಾವು 'ಹುರಿ' ಅಂತೀವಲ್ಲ, ಹುರಿಯೋದು, ಹುರಿಗಡಲೆ. ಹಳಗನ್ನಡದಲ್ಲಿ ಅದು ಪುರಿ. ಪಾಲು ಹಾಲಾಯ್ತು, ಪೂ ಹೂ ಆಯ್ತು, ಪುರಿ ಹುರಿ ಆಯ್ತು. ಹುರಿದ ಅಕ್ಕಿ ಮಾತ್ರ ಪುರಿ ಅಂತಲೇ ನಮ್ಮ ಕಡೆ ಉಳ್ಕೊಂಡಿದೆ. ನಮ್ಮ ಅಂಗಡಿಯವನು ಅಳೆದು ಕೊಡೋದು ಸಾವಿರ ವರ್ಷದ ಮಾತು.

ಕಾಸರಗೋಡು: ನಮ್ಮಲ್ಲಿ ಪೊರಿ ಅಂತಾರೆ. ಮಲಯಾಳದವರೂ ಪೊರಿ, ತುಳುವರೂ ಪೊರಿ. ಅದಕ್ಕೆ ನೀರುಳ್ಳಿ, ಟೊಮೆಟೊ, ಮಾವಿನಕಾಯಿ ಕೊಚ್ಚಿ ಹಾಕಿ, ಮೆಣಸಿನ ಪುಡಿ, ತೆಂಗಿನೆಣ್ಣೆ ಬಿಟ್ಟು ಕಲಸಿದರೆ ಚರುಮುರಿ. ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಕಲಸುವ ತನಕ ಅದು ಚರುಮುರಿ ಅಲ್ಲ.

ಹರಿಹರ: ನೋಡ್ರಿ, ನಮ್ಮವ್ವ ಹಸೀದಕ್ಕ ಚುರಮುರಿ ಅಂತಾಳ, ನಮ್ಮ ಅಜ್ಜಿ ಮಂಡಕ್ಕಿ ಅಂತಿದ್ಲು. ಅವ್ವನ ತೌರುಮನಿ ರಾಣೆಬೆನ್ನೂರು ಕಡೆ, ಹೊಳಿ ಆಚೆ. ಅಜ್ಜಿ ದಾವಣಗೆರಿ ಕಡೇಕಿ. ಸಂಜಿಗೆ ಅವ್ವ ಚುರಮುರಿ ತಾ ಅನ್ನಾಕಿ, ಅಜ್ಜಿ ಮಂಡಕ್ಕಿ ತಾ ಅನ್ನಾಕಿ. ನಾ ಒಂದ ಚೀಲ ತರ್ತಿದ್ದೆ. ಇಬ್ರಿಗೂ ತಮ್ಮದು ಬಂತು ಅಂತ ಸಮಾಧಾನ.

ದಾವಣಗೆರೆ: ಒಗ್ಗರಣೆ ಹಾಕಿದ ಮೇಲೆ ಇನ್ನೂ ಮಜಾ. ನಮ್ಮಲ್ಲಿ ಒಗ್ಗರಣೆ ಮಂಡಕ್ಕಿ. ಬಳ್ಳಾರಿ ಕಡೆ ಹೋದ್ರೆ ಒಗ್ಗಾಣಿ. ಬಾಗಲಕೋಟೆ, ವಿಜಯಪುರದಲ್ಲಿ ಸೂಸ್ಲಾ. ಧಾರವಾಡದ ಕಡೆ ಗಿರ್ಮಿಟ್ ಅಂತಾರೆ, ಅದರ ದಾರಿ ಸ್ವಲ್ಪ ಬೇರೆ. ನಮ್ಮ ಒಗ್ಗರಣೆಗೆ ಮಂಡಕ್ಕಿನ ನೀರಲ್ಲಿ ಅದ್ದಿ ಆ ಕ್ಷಣಕ್ಕೇ ಹಿಂಡಿ ತೆಗೀಬೇಕು, ಒಂದು ಉಸಿರು ತಡ ಆದ್ರೂ ಮುದ್ದೆ ಆಗುತ್ತೆ. ಮೇಲೆ ಹುರಿಗಡಲೆ ಪುಡಿ. ಪಕ್ಕಕ್ಕೆ ಮೆಣಸಿನಕಾಯಿ.

ಮೈಸೂರು: ಹಸಿ ಮೆಣಸಿನಕಾಯಿನಾ?

ದಾವಣಗೆರೆ: ಅಲ್ಲಕ್ಕ, ಕರಿದಿದ್ದು. ನೀವು ಮೆಣಸಿನಕಾಯಿ ಬಜ್ಜಿ ಅಂತೀರಿ. ನಮ್ಮೂರಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂದ್ರೆ ಒಂದೇ ಉಸಿರು, ಬಜ್ಜಿ ಅಂತ ಬಿಡಿಸಿ ಹೇಳೋದೇ ಇಲ್ಲ. ಸಂಜೆ ಐದಾದ್ರೆ ಯಾವ ಬೀದಿಗೆ ಹೋದ್ರೂ ಎಣ್ಣೆ ಬಾಣಲೆ ಮುಂದೆ ಜನ. ನರ್ಗಿಸ್ ಮಂಡಕ್ಕಿ ಅಂತ ಇನ್ನೊಂದೈತೆ. ಅದಕ್ಕೆ ನೀರು ಸೋಕಿಸಲ್ಲ, ಕರಕರ ಅಂತಾನೇ ಇರ್ಬೇಕು.

ಕಾಸರಗೋಡು: ನಿಮ್ಮ ಮನೆಯ ಕೆಲಸವೇ ಅದಲ್ವಾ? ಭಟ್ಟಿ ಅಂದಿದ್ದೆ ಒಮ್ಮೆ. ಹೇಗೆ ಮಾಡುವುದು ಅಂತ ನೀನು ಸರಿಯಾಗಿ ಹೇಳಲೇ ಇಲ್ಲ.

ದಾವಣಗೆರೆ: ನಮ್ಮೂರಲ್ಲಿ ಮಂಡಕ್ಕಿ ಭಟ್ಟಿ ಅಂತ ಒಂದು ಏರಿಯಾನೇ ಐತೆ. ಅಪ್ಪಾಜಿ ಅಲ್ಲೇ ಮೂವತ್ತು ವರ್ಷದಿಂದ ಒಲೆ ಮುಂದೆ ನಿಂತೋರು. ಮೊದಲು ಭತ್ತ ನೆನೆ ಹಾಕ್ಬೇಕು, ಬೇಯಿಸ್ಬೇಕು, ಒಣಗಿಸಿ ಮಿಲ್ಲಿಗೆ ಹಾಕಿಸ್ಬೇಕು. ಬಂದ ಅಕ್ಕಿಗೆ ಉಪ್ಪು ಹತ್ತಿಸಿ ಬಿಸಿ ಮಾಡ್ಬೇಕು. ಆಮೇಲೆ ಕಾದ ಮರಳು. ಮರಳಿಗೆ ಅಕ್ಕಿ ಬಿದ್ದಿದ್ದೇ ತಡ, ನೀನು ಒಂದು, ಎರಡು, ಮೂರು ಅಂತ ಎಣಿಸೋದ್ರೊಳಗೆ ಎಲ್ಲಾ ಅರಳಿ ಮೇಲೆ ಬರುತ್ತೆ. ಅಷ್ಟರಲ್ಲಿ ಜರಡಿಗೆ ಎತ್ತಿ ಹಾಕ್ಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. ತಡ ಆದ್ರೆ ಕೆಂಪಗಾಗುತ್ತೆ, ಕೆಂಪಗಾದ್ರೆ ಯಾರೂ ತಗೊಳಲ್ಲ. ಅಪ್ಪಾಜಿ ಬಲಗೈ ಮೊಣಕೈವರೆಗೂ ಒಂದು ಕೂದಲಿಲ್ಲ. ಚಿಕ್ಕವನಿದ್ದಾಗ ಎಲ್ಲರ ಅಪ್ಪನ ಕೈಯೂ ಹಂಗೇ ಇರುತ್ತೆ ಅಂದ್ಕೊಂಡಿದ್ದೆ.

ಕಾಸರಗೋಡು: ಬೆಂಕಿಗೆ ಎಂತ ಹಾಕುವುದು?

ದಾವಣಗೆರೆ: ಭತ್ತದ ಹೊಟ್ಟು. ಮಿಲ್ಲಿಂದ ಬಂದಿದ್ದು ಅದೇ ಒಲೆಗೆ ವಾಪಸ್. ಭದ್ರಾ ನಾಲೆ ಬಂದ ಮೇಲೆ ನಮ್ಮ ಸುತ್ತಮುತ್ತ ಭತ್ತಕ್ಕೆ ಬರ ಇಲ್ಲ. ಅದಕ್ಕೂ ಮೊದಲು ಹತ್ತಿ ಊರು ಇದು, ಗಿರಣಿ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಗಿರಣಿ ಸದ್ದು ನಿಂತೋಯ್ತು. ಭಟ್ಟಿ ಸದ್ದು ಈಗ್ಲೂ ಬೆಳಗಿನ ಜಾವ ನಾಲ್ಕಕ್ಕೆ ಶುರು ಆಗುತ್ತೆ. ನಾನು ಹನ್ನೆರಡೂವರೆಗೆ ಆಟ ಬಿಡೋದು ಅದಕ್ಕೇ, ನಾಲ್ಕಕ್ಕೆ ಚೀಲ ಹಿಡಿಯೋಕೆ ಹೋಗ್ಬೇಕು.

ಹರಿಹರ: ಲೇ, ಝೋನು ಬಂತು, ಓಡ್ರಲೇ!

ಓಡಲಿಲ್ಲ ಅನ್ನುವುದಕ್ಕಿಂತ ಮಾತಿನಲ್ಲಿ ಮೈಮರೆತಿದ್ದೆವು. ಆಟದ ಜಾಗವನ್ನು ಕಿರಿದು ಮಾಡುತ್ತ ಬರುವ ಆ ಝೋನಿನ ನೀಲಿ ಗೆರೆ ನಮ್ಮ ಮೇಲೆ ಹಾದುಹೋಯಿತು. ಗುಡ್ಡ ಹತ್ತುವಾಗ ಮೇಲಿನಿಂದ ಇಬ್ಬರು ಹೊಡೆದು ನಾಲ್ವರನ್ನೂ ಕೆಡವಿದರು. ಹೊಸ ಆಟ ಶುರುವಾಗುವ ಮೊದಲು ಕಾಯುವ ಹೊತ್ತು ಇರುತ್ತದಲ್ಲ, ನಮ್ಮ ಒಳ್ಳೆ ಮಾತೆಲ್ಲ ಹುಟ್ಟುವುದು ಆ ಹೊತ್ತಿನಲ್ಲೇ.

ಮೈಸೂರು: ಹರಿಹರ, ನೀನು ಹೊಳೆ ಆಚೆ ಅಂದೆಯಲ್ಲ. ಒಂದು ಸೇತುವೆ ದಾಟಿದ್ರೆ ಮಾತು ಬದಲಾಗುತ್ತಾ?

ಹರಿಹರ: ಆಗ್ತೈತಿ ಅಕ್ಕಾರ. ತುಂಗಭದ್ರಾ ದಾಟಿದ್ರ ಕುಮಾರಪಟ್ಟಣ. ರಾಣೆಬೆನ್ನೂರು ತಾಲೂಕು, ಹಾವೇರಿ ಜಿಲ್ಲಾ. ನಮ್ಮದು ದಾವಣಗೆರಿ ಜಿಲ್ಲಾ. ಈ ಎರಡೂ ಜಿಲ್ಲಾ ಆಗಿದ್ದು 1997ರಾಗ. ಖರೇ ಗಡಿ ಅದಕ್ಕಿಂತ ಹಳೇದು. 1956ರ ತನಕ ಈಚೆ ದಂಡಿ ಮೈಸೂರು ಸಂಸ್ಥಾನ, ಚಿತ್ರದುರ್ಗ ಜಿಲ್ಲಾ. ಆಚೆ ದಂಡಿ ಮುಂಬೈ ಪ್ರಾಂತ್ಯ, ಧಾರವಾಡ ಜಿಲ್ಲಾ. ನಮ್ಮ ಮುತ್ತಜ್ಜ ಬೀಗರ ಮನಿಗೆ ಉಣ್ಣಾಕ ಹೋಗಬೇಕಂದ್ರ ಸರ್ಕಾರನ ಬದಲಾಗ್ತಿತ್ತು. ಈಗ ಆ ಗಡಿ ಕಾಗದದಾಗ ಇಲ್ಲ, ಕಲ್ಲು ಇಲ್ಲ, ಚೌಕಿ ಇಲ್ಲ. ನಮ್ಮ ಅಡಿಗಿಮನ್ಯಾಗ ಐತಿ. ಅವ್ವ ಗೊಂಜಾಳ ಅಂತಾಳ, ಅಪ್ಪ ಮೆಕ್ಕೆಜೋಳ ಅಂತಾನ. ಅವ್ವಂದು ಪುಟಾಣಿ, ಅಪ್ಪಂದು ಹುರಿಗಡಲಿ. ಅವ್ವ ನಾಷ್ಟಾ ಮಾಡ್ತಾಳ, ಅಪ್ಪ ತಿಂಡಿ ತಿಂತಾನ.

ಮೈಸೂರು: ನಮ್ಮ ಕಡೆ ಜೋಳ ಅಂದ್ರೆನೇ ಮುಸುಕಿನ ಜೋಳ. ಹೊಸದಾಗಿ ಟೀಚರ್ ಆದಾಗ ಜೋಳದ ರೊಟ್ಟಿ ಅಂದ್ರೆ ಅದರ ಹಿಟ್ಟಿಂದ ಮಾಡೋದು ಅಂತಲೇ ತಿಳ್ಕೊಂಡಿದ್ದೆ.

ಕಾಸರಗೋಡು: ನಾನು ಒಂದು ಹೇಳ್ತೇನೆ. ಇವನ ಹೊಳೆಯ ಗಡಿ ಹೋದದ್ದು 1956ರ ನವೆಂಬರ್ 1ಕ್ಕೆ ಅಲ್ವಾ? ಅದೇ ದಿನ ನಮ್ಮ ಗಡಿ ಹುಟ್ಟಿತು. ಅದರ ಹಿಂದಿನ ದಿನದವರೆಗೆ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ, ದಕ್ಷಿಣ ಕನ್ನಡ, ಮದರಾಸಿಗೆ ಸೇರಿದ್ದು. ಬೆಳಗಾಗುವಾಗ ನಾವು ಕೇರಳ. ಮನೆಯಲ್ಲಿ ಕುಚ್ಚಲಕ್ಕಿ ಅನ್ನುತ್ತೇವೆ, ರೇಷನ್ ಅಂಗಡಿಯಲ್ಲಿ ಪುಳುಂಗಲರಿ ಅಂತ ಕೇಳುತ್ತೇವೆ. ಅಂಗಡಿಯವನು ಒಳ್ಳೆಯವನೇ, ಅವನಿಗೂ ನಮ್ಮ ಮಾತು ಅರ್ಥ ಆಗುತ್ತದೆ. ಆದರೂ ಬಾಗಿಲು ದಾಟುವಾಗ ನಾಲಿಗೆ ತಾನಾಗಿ ತಿರುಗುತ್ತದೆ. ವಾಪಸ್ ಮನೆಗೆ ಬಂದು ಚೀಲ ಇಳಿಸುವಾಗ ಅದು ಪುನಃ ಕುಚ್ಚಲಕ್ಕಿ.

ಹರಿಹರ: ಅಂದ್ರ ನಮ್ಮ ಗಡಿ ಕಿತ್ತು ನಿಮ್ಮಲ್ಲಿ ಹಾಕಿದ್ರೇನೋ.

ಕಾಸರಗೋಡು: ಹಾಗೇ ಅನ್ನಿಸುತ್ತದೆ ಮಾರಾಯ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾರದೋ ಮನೆಯ ಫ್ಯಾನಿನ ಸದ್ದು ಮೈಕಿನಲ್ಲಿ ಬರುತ್ತಿತ್ತು. ಆಮೇಲೆ ಹರಿಹರದವನು ನಮಗೆ ಈವರೆಗೆ ಹೇಳದಿದ್ದ ಒಂದು ಸಂಗತಿ ಹೇಳಿದ.

ಹರಿಹರ: ಬೆಂಗಳೂರಾಗ ಒಂದು ಕಂಪನಿಗೆ ಸೇರಿದ್ನೆಲ್ಲ, ಆಗಿನ ಮಾತು. ಮೆಸ್ಸಿನ್ಯಾಗ ಊಟಕ್ಕ ಕುಂತಾಗ ಬಡಿಸಾವಗ 'ಅಣ್ಣಾ, ಒಂದು ಉಳ್ಳಾಗಡ್ಡಿ ಕೊಡ್ರಿ' ಅಂದೆ. ರೊಟ್ಟಿ ಜೋಡಿ ಹಸಿ ಉಳ್ಳಾಗಡ್ಡಿ ಇಲ್ಲದ ನನಗ ಊಟನ ಇಳ್ಯಂಗಿಲ್ಲ. ಪಂಕ್ತ್ಯಾಗ ಇದ್ದಾವ್ರೆಲ್ಲ ನಕ್ರು. ಅವತ್ತಿಂದ ನನ್ನ ಹೆಸರ ಉಳ್ಳಾಗಡ್ಡಿ ಆತು. ಮೀಟಿಂಗ್‌ನ್ಯಾಗೂ ಅದ. ಕನ್ನಡದಾವ್ರ ಎಲ್ಲಾರು. ಒಂದು ವಾರ ಕಳದ ಮ್ಯಾಲೆ ನಾ ಆನಿಯನ್ ಅನ್ನಾಕ ಚಾಲೂ ಮಾಡಿದೆ. ನಾಲ್ಕು ತಿಂಗಳಿಗೆ ಊರಿಗೆ ಬಂದೆ. ಊಟಕ್ಕ ಕುಂತು, 'ಅವ್ವಾ, ಆನಿಯನ್ ಕೊಡು' ಅಂದ್ಬಿಟ್ಟೆ.

ದಾವಣಗೆರೆ: ಅವ್ವ ಏನಂದ್ರು?

ಹರಿಹರ: ಏನೂ ಅನ್ನಲಿಲ್ಲ. ಒಂದು ತಗೊಂಡು, ಮುಷ್ಟಿಲೆ ಗುದ್ದಿ ಒಡದು, ತಾಟಿನ ದಂಡಿಗೆ ಇಟ್ಲು. ಅಷ್ಟ. ನನಗ ಅವತ್ತು ಉಣ್ಣಾಕ ಆಗ್ಲಿಲ್ಲ.

ಮೈಸೂರು: ನಾನೂ ಒಂದು ಹೇಳ್ಬೇಕು. ಕೆಲಸಕ್ಕೆ ಸೇರಿದ ಮೊದಲನೇ ವರ್ಷ. ರಾಯಚೂರಿನ ಕಡೆಯಿಂದ ಬಂದಿದ್ದ ಒಂದು ಹುಡುಗಿ, ಅಪ್ಪ ಕಟ್ಟಡ ಕೆಲಸಕ್ಕೆ ಅಂತ ಮೈಸೂರಿಗೆ ಬಂದಿದ್ರು. 'ನಮ್ಮ ಮನೆಯ ಅಡುಗೆ' ಅಂತ ಪ್ರಬಂಧ ಬರೆಯೋಕೆ ಕೊಟ್ಟಿದ್ದೆ. ಉಳ್ಳಾಗಡ್ಡಿ ಅಂತ ಬರೆದಿದ್ಲು. ನಾನು ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಈರುಳ್ಳಿ ಅಂತ ತಿದ್ದಿದೆ. ತಪ್ಪು ಮಾಡಿದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಉಳ್ಳಿ ಅನ್ನೋದೇ ಮೂಲ ಪದ. ಗಡ್ಡೆ ಸೇರಿದ್ರೆ ಉಳ್ಳಾಗಡ್ಡೆ, ನೀರು ಸೇರಿದ್ರೆ ನೀರುಳ್ಳಿ. ಆ ನೀರುಳ್ಳಿಯ ನಕಾರ ಬಿದ್ದು ಹೋದ್ರೆ ನಮ್ಮ ಈರುಳ್ಳಿ. ಮೂರೂ ಒಂದೇ ತಾಯಿ ಮಕ್ಕಳು. ನಾನು ಒಂದು ಮಗೂನ ಹಿಡಿದು ಇನ್ನೊಂದನ್ನ ಹೊಡೆದೆ. ಆ ಹುಡುಗಿಯ ಪುಸ್ತಕ ಇವತ್ತು ಕೈಗೆ ಸಿಕ್ಕಿದ್ರೆ ಆ ಸುತ್ತು ಅಳಿಸಿ ಕೊಡ್ತೀನಿ.

ಕಾಸರಗೋಡು: ಸಿಗಲಿ ಅಕ್ಕ.

ದಾವಣಗೆರೆ: ನಾವು ನಾಲ್ಕು ವರ್ಷದಿಂದ ಮಂಡಕ್ಕಿನಾ ಪುರಿನಾ ಅಂತ ಜಗಳ ಆಡ್ತೀವಿ. ಆ ಜಗಳ ಇರೋವರೆಗೂ ಎರಡೂ ಬದುಕಿರ್ತವೆ ಅನ್ಸುತ್ತೆ ನಂಗೆ. ನನಗೆ ಭಯ ಆಗೋದು ಬೇರೆ ಕಡೆ. ಫೋನಿನ ದಿನಸಿ ಆ್ಯಪಲ್ಲಿ ಮಂಡಕ್ಕಿ ಅಂತ ಹುಡುಕಿದೆ. ಸಿಗ್ಲಿಲ್ಲ. ಮುರ್ಮುರಾ ಅಂತ ಹಾಕಿದ್ರೆ ಬಂತು. ನಮ್ಮ ಭಟ್ಟಿಯಿಂದ ಕಣ್ಣಳತೆ ದೂರದಲ್ಲಿ ಕೂತು ಮುರ್ಮುರಾ ಅಂತ ಟೈಪ್ ಮಾಡ್ಬೇಕಾಯ್ತು. ಅಪ್ಪಾಜಿಗೆ ತೋರಿಸಿದೆ. 'ಇದು ಯಾವ ಊರಿನ ಮಾಲು?' ಅಂತ ಕೇಳಿದ್ರು.

ಮೈಸೂರು: ಶೇಂಗಾ ಅಂತ ಹಾಕಿದ್ರೆ?

ದಾವಣಗೆರೆ: ಶೇಂಗಾ ಬರುತ್ತೆ ಅಕ್ಕ.

ಮೈಸೂರು: ಮರಾಠಿಯಲ್ಲೂ ಅದೇ ಹೆಸರಲ್ವಾ, ಅದರ ಬಲ. ಕಡಲೆಕಾಯಿ ಅಂತ ಹಾಕಿದ್ರೆ ನಂಗೆ ಬಿಳಿ ಕಾಬೂಲ್ ಕಡಲೆ ತೋರಿಸ್ತು.

ಕಾಸರಗೋಡು: ನೆಲಗಡಲೆ ಹಾಕಿ ನೋಡಿಲ್ಲ. ಹಾಕುವುದೂ ಇಲ್ಲ. ಬೇಸರ ಆದೀತು.

ಹರಿಹರ: ಆಟ ಚಾಲೂ ಆತು. ಈ ಸಲ ಎಲ್ಲಾರೂ ನನ್ನ ಹಿಂದ ಇರ್ರಿ.

ಆ ಆಟವನ್ನು ನಾವು ಮನಸ್ಸಿಟ್ಟು ಆಡಿದೆವು. ಕೊನೆಗೆ ಉಳಿದದ್ದು ಎರಡು ತಂಡ. ನಮ್ಮಲ್ಲಿ ಅಕ್ಕ ಬಿದ್ದಿದ್ದರು, ಕಾಸರಗೋಡಿನವನು ಕಲ್ಲಿನ ಮರೆಯಲ್ಲಿ ಅವರಿಗೆ ಆರೈಕೆ ಮಾಡುತ್ತಿದ್ದ. ಹಾಗೆ ಒಬ್ಬರನ್ನು ಎಬ್ಬಿಸಲು ಹತ್ತು ಸೆಕೆಂಡು ಬೇಕು, ಆ ಹತ್ತು ಸೆಕೆಂಡು ಎಬ್ಬಿಸುವವನು ಬಂದೂಕು ಮುಟ್ಟುವಂತಿಲ್ಲ. ಹರಿಹರದವನು ಎದ್ದು ಅವರಿಬ್ಬರ ಮುಂದೆ ಹೋಗಿ, ಶತ್ರುವಿಗೆ ಬೆನ್ನು ಮಾಡಿ ನಿಂತುಬಿಟ್ಟ.

ಮೈಸೂರು: ಏನ್ ಮಾಡ್ತಿದೀಯೋ, ಕೂತ್ಕೋ!

ಹರಿಹರ: ಹಂಚ ಐತಿ ಅಕ್ಕಾರ.

ಠಣ್. ಠಣ್. ಮತ್ತೊಂದು ಠಣ್. ನಾನು ಪಕ್ಕದ ಮರದ ಹಿಂದಿನಿಂದ ಆ ಸದ್ದಿನ ದಿಕ್ಕು ಹಿಡಿದು ಹೊಡೆದೆ.

ದಾವಣಗೆರೆ: ದೋಸೆ ಆತು!

ಕಾಸರಗೋಡು: ದೋಸೆ! ದೋಸೆ!

ಗೆದ್ದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಚಿಕನ್ ಡಿನ್ನರ್ ಅಂತ ಬರುತ್ತದೆ. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಕೋಳಿ ತಿನ್ನುವುದಿಲ್ಲ. ಹಾಗಾಗಿ ಮೊದಲ ಸಲ ಗೆದ್ದ ರಾತ್ರಿಯೇ ಅದನ್ನು ದೋಸೆ ಎಂದು ಬದಲಾಯಿಸಿಕೊಂಡೆವು. ಮೂರು ಗೆಲುವಿಗೆ ಮೂರು ದೋಸೆ ಅಂತಲೇ ನಮ್ಮ ಲೆಕ್ಕ.

ಮೈಸೂರು: ಈ ದೋಸೆ ಬೆಣ್ಣೆದೋ ಖಾಲಿಯೋ? ಆ ಖಾಲಿ ದೋಸೆ ನನಗೆ ಇನ್ನೂ ಅರ್ಥ ಆಗಿಲ್ಲ. ದಾವಣಗೆರೆಗೆ ಒಂದು ಮದುವೆಗೆ ಬಂದಾಗ ಹೋಟೆಲಿನಲ್ಲಿ 'ಖಾಲಿ ಕೊಡ್ಲಾ?' ಅಂದ್ರು. ದೋಸೆ ಖಾಲಿಯಾಗಿದೆ ಅಂತಿದ್ದಾರೆ ಅಂದ್ಕೊಂಡು ಎದ್ದು ಬಂದ್ಬಿಟ್ಟೆ.

ದಾವಣಗೆರೆ: ಅಯ್ಯೋ ಅಕ್ಕ! ಖಾಲಿ ಅಂದ್ರೆ ಬರೀ ದೋಸೆ. ಮೆತ್ತಗಿರುತ್ತೆ. ಬೆಣ್ಣೆ ದೋಸೆ ಗರಿಗರಿ, ಮೇಲೆ ಬೆಣ್ಣೆ ಮುದ್ದೆ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಪಲ್ಯಕ್ಕೆ ಅರಿಶಿನ ಹಾಕಲ್ಲ, ಬೆಳ್ಳಗಿರುತ್ತೆ. ಓಪನ್ ಅಂತ ಇನ್ನೊಂದೈತೆ, ಅದಕ್ಕೆ ಪುಡಿ ಉದುರಿಸಿ ಮಡಿಸದೇ ಕೊಡ್ತಾರೆ. ಒಲೆ ಕಟ್ಟಿಗೆದೇ ಇರ್ಬೇಕು. ಇನ್ನೊಂದು ಗೊತ್ತಾ? ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿ ಸೇರಿಸಿ ರುಬ್ತಾರೆ.

ಕಾಸರಗೋಡು: ಅಂದರೆ ದೋಸೆಯ ಒಳಗೂ ನಿಮ್ಮಪ್ಪ ಇದ್ದಾರೆ.

ದಾವಣಗೆರೆ: ಇದ್ದಾರೆ ಕಣೋ.

ಹರಿಹರ: ನಿಮ್ಮ ದೋಸಿ ಎಲ್ಲಿಂದ ಬಂತು, ಅದನ್ನೂ ಹೇಳು ಮತ್ತ.

ದಾವಣಗೆರೆ: ಹೇಳ್ತೀನಿ, ಮುಚ್ಚಿಡೋ ಮಾತೇನಲ್ಲ. ನಮ್ಮೂರಲ್ಲಿ ಎಲ್ಲರೂ ಹೇಳೋದು, ಪೇಪರಲ್ಲೂ ಬಂದಿರೋದು ಇದು. 1928ರಲ್ಲಿ ಚೆನ್ನಮ್ಮ ಅಂತ ಒಬ್ಬ ತಾಯಿ ಬೆಳಗಾವಿ ಸೀಮೆ ಬಿಡಕಿ ಅನ್ನೋ ಊರಿಂದ ಮಕ್ಕಳನ್ನ ಕಟ್ಕೊಂಡು ದಾವಣಗೆರೆಗೆ ಬಂದ್ರಂತೆ. ನಾಟಕದ ಥಿಯೇಟರ್ ಹತ್ರ ದೋಸೆ ಹಾಕೋಕೆ ಶುರು ಮಾಡಿದ್ರು. ಆಗ ಅದು ರಾಗಿ ದೋಸೆ. ನಾಟಕ ಬಿಟ್ಟ ಜನ ಮನೆಗೆ ಹೋಗೋ ಮುಂಚೆ ತಿಂದು ಹೋಗೋರು. ಹತ್ತು ವರ್ಷದ ಮೇಲೆ ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿಗೆ ಬಂದ್ರು. ಆಮೇಲೆ ಅವರ ಮಕ್ಕಳು ಹೋಟೆಲ್ ಇಟ್ರು. ಇವತ್ತು ಬೆಂಗಳೂರಿನ ಮೂಲೆ ಮೂಲೆಯಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಐತಲ್ಲ, ಅದರ ಬೇರು ಆ ತಾಯಿಯ ಒಲೆ.

ಹರಿಹರ: 1928ರಾಗ ಬೆಳಗಾವಿ ಅಂದ್ರ ಮುಂಬೈ ಪ್ರಾಂತ್ಯ. ಅಲ್ಲಿಂದ ದಾವಣಗೆರಿಗೆ ಬರಬೇಕಂದ್ರ ರೈಲಿನ್ಯಾಗ ಬರ್ಲಿ, ಚಕ್ಕಡ್ಯಾಗ ಬರ್ಲಿ, ನಮ್ಮೂರ ಹೊಳಿ ದಾಟಾಕ ಬೇಕು. ನಿಮ್ಮ ದೋಸಿ ನಮ್ಮ ಸೇತುವಿ ಮ್ಯಾಲೆ ನಡಕೊಂಡು ಬಂದೈತಿ ನೋಡು.

ಮೈಸೂರು: ಹಂಚು ಅನ್ನೋ ಮಾತನ್ನೂ ಅವರೇ ತಂದ್ರೋ ಏನೋ.

ದಾವಣಗೆರೆ: ಅದು ಮೊದಲೇ ಇತ್ತು ಅಕ್ಕ. ಆದ್ರೆ ಆ ತಾಯಿ ಬಂದಾಗ ಇಲ್ಲಿ ಯಾರೂ 'ನಿನ್ನ ಮಾತು ಬೇರೆ' ಅಂತ ನಕ್ಕಿರಲ್ಲ ಅಂತ ನಾನು ನಂಬ್ತೀನಿ. ನಕ್ಕಿದ್ರೆ ಒಲೆ ಹಚ್ತಿರ್ಲಿಲ್ಲ.

ಹರಿಹರ: ಉಳ್ಳಾಗಡ್ಡಿ ಅಂತಿದ್ಲು ಆಕಿನೂ.

ಕಾಸರಗೋಡು: ಖಂಡಿತ ಅಂತಿದ್ದಳು.

ಮೈಸೂರು: ಹನ್ನೆರಡೂ ಮುಕ್ಕಾಲು ಆಯ್ತು. ದಾವಣಗೆರೆ, ಹೋಗಿ ಮಲಗು. ನಾಲ್ಕಕ್ಕೆ ಏಳ್ಬೇಕಲ್ಲ.

ಕಾಸರಗೋಡು: ನಿಲ್ಲು, ಒಂದು ಮಾತು. ನೀನು ಮರಳಿಗೆ ಅಕ್ಕಿ ಹಾಕಿದರೆ ಅರಳುತ್ತದೆ ಅಂದೆಯಲ್ಲ. ಆ ಶಬ್ದ ಹೇಗಿರುತ್ತದೆ?

ದಾವಣಗೆರೆ: ಬಾಯಲ್ಲಿ ಹೇಳೋಕೆ ಬರಲ್ಲ. ಕೇಳ್ಬೇಕು.

ಕಾಸರಗೋಡು: ನಾನು ಅಲಾರಾಂ ಇಡ್ತೇನೆ. ನೀನು ಕಾಲ್ ಮಾಡು.

ನಾಲ್ಕೂ ಕಾಲಿಗೆ ಕರೆ ಮಾಡಿದೆ. ಕಾಸರಗೋಡಿನವನೊಬ್ಬನೇ ಬರುತ್ತಾನೆ ಅಂದುಕೊಂಡಿದ್ದೆ. ಮೂವರೂ ಬಂದರು. ಅಪ್ಪಾಜಿ ಒಲೆಗೆ ಹೊಟ್ಟು ತಳ್ಳುತ್ತಿದ್ದರು. ಮರಳು ಕಾದು ಕಪ್ಪಾಗಿತ್ತು. ಫೋನನ್ನು ಒಲೆಯಿಂದ ಎರಡು ಮಾರು ದೂರ ಹಿಡಿದೆ. ಅಪ್ಪಾಜಿ ಮೊರದಿಂದ ಅಕ್ಕಿ ಸುರಿದರು.

ಮೊದಲು ಸುಸ್ ಅಂದಿತು, ಸಣ್ಣ ಮಳೆ ತಗಡಿನ ಮೇಲೆ ಶುರುವಾದ ಹಾಗೆ. ಆಮೇಲೆ ಒಂದೇ ಸಲಕ್ಕೆ ಸಾವಿರ ಬಾಯಿ ತೆರೆದಂತೆ ಚಟಪಟ ಏರಿ, ಬಾಣಲೆಯ ತುಂಬ ಬಿಳಿ ಉಕ್ಕಿತು. ಮೂರು ಎಣಿಸುವಷ್ಟರಲ್ಲಿ ಜರಡಿಗೆ ಬಿತ್ತು. ಮರಳು ಸರ್ರನೆ ಕೆಳಗಿಳಿಯಿತು.

ಕಾಸರಗೋಡು: ಇದು ಪೊರಿ ಅಂತಾ ಉಂಟು. ಪೊರಿಪೊರಿಪೊರಿ. ಕೇಳಿಸ್ತಾ?

ಹರಿಹರ: ಏ, ಚುರಮುರಿ ಅಂತೈತೋ. ಚುರಚುರ ಅಂದಿದ್ದು ಕೇಳಲಿಲ್ಲೇನು?

ಮೈಸೂರು: ಸುಮ್ನಿರಿ ಸ್ವಲ್ಪ. ಇನ್ನೊಂದ್ಸಲ ಹಾಕೋಕೆ ಹೇಳು ಅಪ್ಪಂಗೆ.

ಅಪ್ಪಾಜಿ ಬೆವರು ಒರೆಸಿಕೊಂಡು, ಫೋನಿನಲ್ಲಿ ಯಾರು ಅಂತ ಕಣ್ಣಲ್ಲೇ ಕೇಳಿದರು. ಸ್ನೇಹಿತರು, ದೂರದ ಊರಿನವರು, ಮಂಡಕ್ಕಿ ಸದ್ದು ಕೇಳಬೇಕಂತೆ ಅಂದೆ. ಅವರು ಮೊರಕ್ಕೆ ಅಕ್ಕಿ ತುಂಬಿಕೊಂಡು ಫೋನಿನ ಹತ್ತಿರಕ್ಕೆ ಬಾಗಿ, ಒಲೆಯ ಸದ್ದಿಗೆ ಮೇಲಾಗುವಂತೆ ಗಟ್ಟಿಯಾಗಿ ಕೇಳಿದರು:

"ಚಾ ಕುಡಿದ್ರೇನ್ರಪ್ಪಾ ಎಲ್ಲಾರೂ?"